ಎರಡು ಇಂಚು ಗಿಡ್ಡ

ಬೈಕಿನ ಹಿಂದಿನ ಎರಡು ಶಾಕ್‌ಗಳನ್ನು ಬಿಚ್ಚಿ, ಆ ಜಾಗಕ್ಕೆ ಎರಡು ಕಬ್ಬಿಣದ ಸರಳುಗಳನ್ನು ಕೂರಿಸುವುದು ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ. ಶಾಕ್ ಅಂದರೆ ಹೊರಗೆ ಸ್ಪ್ರಿಂಗು, ಒಳಗೆ ಎಣ್ಣೆ ತುಂಬಿದ ಕೊಳವೆ, ಮೇಲೊಂದು ಕಣ್ಣು, ಕೆಳಗೊಂದು ಕಣ್ಣು. ಒಂದೊಂದು ಕಣ್ಣಿಗೂ ಒಂದೊಂದು ಬೋಲ್ಟು. ಸರಳಿಗೂ ಅವೇ ಎರಡು ಕಣ್ಣು, ಅವೇ ಬೋಲ್ಟು. ನಡುವೆ ಕುಗ್ಗುವಂಥದ್ದು, ಹಿಗ್ಗುವಂಥದ್ದು ಮಾತ್ರ ಏನೂ ಇರುವುದಿಲ್ಲ. ಮೂಲ ಶಾಕಿಗಿಂತ ಎರಡು ಇಂಚು ಗಿಡ್ಡ ಮಾಡಿಸಿದರೆ ಬೈಕಿನ ಹಿಂಭಾಗ ಹೆಚ್ಚುಕಡಿಮೆ ಎರಡು ಇಂಚು ಕೆಳಗಿಳಿದು ಕೂರುತ್ತದೆ. ಅಮೆರಿಕದಲ್ಲಿ ಇದಕ್ಕೆ ಸ್ಟ್ರಟ್ ಎನ್ನುತ್ತಾರೆ. ಚೆನ್ನೈನ ಪುದುಪೇಟೆಯಲ್ಲಿ ‘ರಾಡ್’ ಅಂದರೆ ಸಾಕು.

ಮೈಸೂರಿನಿಂದ ಹೋಗಿ ಅಂಬತ್ತೂರಿನಲ್ಲಿ ನೆಲೆಸಿದ ಒಬ್ಬ ಹುಡುಗ (ಮೂವತ್ತನಾಲ್ಕು ದಾಟಿದವನನ್ನೂ ಹುಡುಗ ಅನ್ನುವುದು ಬೈಕಿನ ವಿಷಯಕ್ಕೆ ಮಾತ್ರ ಸಲ್ಲುತ್ತದೆ) ಕಳೆದ ಬೇಸಿಗೆಯಲ್ಲಿ ತನ್ನ ಹಳೇ ಕ್ಲಾಸಿಕ್ 350ಕ್ಕೆ ಹೀಗೆ ರಾಡ್ ಹಾಕಿಸಿದ. ವಾಹನದ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಗುಣಮಟ್ಟದ ವಿಭಾಗದಲ್ಲಿ ಅವನ ಕೆಲಸ. ದಿನವಿಡೀ ಮಿಲಿಮೀಟರಿನ ನೂರನೇ ಒಂದು ಭಾಗ ಹೆಚ್ಚಾಯಿತು, ಕಡಿಮೆಯಾಯಿತು ಎಂದು ಮಾಲನ್ನು ವಾಪಸು ಕಳಿಸುವವನು ತನ್ನ ಬೈಕಿನ ವಿಷಯ ಬಂದಾಗ ಲೇತಿನ ಅಂಗಡಿಯವನಿಗೆ ಗೇಣಿನ ಲೆಕ್ಕದಲ್ಲಿ ಅಳತೆ ಹೇಳಿದ. ಪುದುಪೇಟೆಯ ಮೆಕ್ಯಾನಿಕ್ಕು ಹಳೇ ಶಾಕನ್ನು ಕೈಯಲ್ಲಿ ಹಿಡಿದು ನೋಡಿ “ಪೋಟ್ಟುಡಲಾಂ ಸಾರ್” ಅಂದ. ಹಾಕಿಬಿಡೋಣ. ಪುದುಪೇಟೆಯಲ್ಲಿ ಆಗದು ಎಂಬ ಮಾತಿಗೆ ಜಾಗವಿಲ್ಲ. ಕೂವಂ ನದಿಯ ಪಕ್ಕ ಹಬ್ಬಿಕೊಂಡ ಆ ಗಲ್ಲಿಗಳಲ್ಲಿ ಕಾರಿನ ಬಾಗಿಲಿನಿಂದ ಹಿಡಿದು ಲಾರಿಯ ಆಕ್ಸಲ್‌ವರೆಗೆ ಎಲ್ಲವೂ ಬಿಚ್ಚಿಕೊಂಡು ಬಿದ್ದಿರುತ್ತದೆ, ಎಲ್ಲವೂ ಮತ್ತೊಂದಕ್ಕೆ ಹೊಂದಿಕೊಳ್ಳುತ್ತದೆ.

ಹೊಂದಿಕೊಂಡಿತು ಕೂಡ. ಜೊತೆಗೆ ಹಿಂದಿನ ಮಡ್‌ಗಾರ್ಡನ್ನು ಅರ್ಧಕ್ಕೆ ಕತ್ತರಿಸಿದರು, ಪಿಲಿಯನ್ ಸೀಟು ತೆಗೆದರು, ಸೈಡ್ ಸ್ಟ್ಯಾಂಡನ್ನು ಕೊಯ್ದು ಗಿಡ್ಡ ಮಾಡಿ ಮತ್ತೆ ಬೆಸೆದರು. ಸ್ಟ್ಯಾಂಡ್ ಕೊಯ್ಯದೆ ವಿಧಿಯಿಲ್ಲ: ಬೈಕು ತಗ್ಗಿದ ಮೇಲೆ ಮೊದಲಿನ ಸ್ಟ್ಯಾಂಡು ಉದ್ದವಾಗಿಬಿಡುತ್ತದೆ, ಗಾಡಿ ವಾಲುವ ಬದಲು ನೆಟ್ಟಗೆ ನಿಲ್ಲುತ್ತದೆ, ಯಾರೋ ಪಕ್ಕದಲ್ಲಿ ಹಾದುಹೋಗುವಾಗ ಮೊಣಕೈ ತಾಗಿಸಿದರೂ ಆಚೆ ಕಡೆಗೆ ಮಗುಚುತ್ತದೆ. ಒಟ್ಟು ಖರ್ಚು ನಾಲ್ಕು ಸಾವಿರದ ಚಿಲ್ಲರೆ. ಹಳೇ ಶಾಕ್‌ಗಳನ್ನು ಮೆಕ್ಯಾನಿಕ್ಕಿಗೇ ಬಿಟ್ಟುಬಂದ, ಅದಕ್ಕೆ ಮುನ್ನೂರು ರೂಪಾಯಿ ವಜಾ.

ಅದು ಚೆನ್ನಾಗಿ ಕಾಣುತ್ತಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡಬೇಕು. ಇಂಥ ಕೆಲಸವನ್ನು ಶೋಕಿ ಎಂದು ತಳ್ಳಿಹಾಕುವವರು ಒಮ್ಮೆ ಅದನ್ನು ಪಕ್ಕದಿಂದ ನಿಂತು ನೋಡಬೇಕು. ಸಾಮಾನ್ಯ ಬೈಕಿನಲ್ಲಿ ಹ್ಯಾಂಡಲ್ಲಿನ ಬುಡದಿಂದ ಹೊರಟ ಗೆರೆ ಟ್ಯಾಂಕು ದಾಟಿ, ಸೀಟಿನ ಹತ್ತಿರ ಗೊಂದಲಗೊಂಡು, ಮೇಲೆದ್ದು, ಹಿಂದಿನ ದೀಪದಲ್ಲಿ ಎಲ್ಲೋ ಕಳೆದುಹೋಗುತ್ತದೆ. ಹಿಂಭಾಗ ತಗ್ಗಿದ ಬೈಕಿನಲ್ಲಿ ಆ ಗೆರೆ ಟ್ಯಾಂಕಿನ ಕೆಳಗಿನಿಂದ ಸೀದಾ ಇಳಿದು ಹಿಂದಿನ ಚಕ್ರದ ನಡುವಿಗೆ ಹೋಗಿ ಸೇರುತ್ತದೆ. ಕಣ್ಣಿಗೆ ಒಂದು ಸಮಾಧಾನ. ಕುಳಿತ ಬಸವನ ಬೆನ್ನಿನ ಹಾಗೆ, ಭಾರವೆಲ್ಲ ಹಿಂದಕ್ಕೆ ಒರಗಿ ನೆಲಕ್ಕೆ ಅಂಟಿಕೊಂಡ ಭಂಗಿ ಅದು.

ಆ ಗೆರೆ ಬಂದದ್ದು ಅಂದಕ್ಕಾಗಿ ಅಲ್ಲ. ಎರಡನೇ ಮಹಾಯುದ್ಧದವರೆಗೂ ಬಹುಪಾಲು ಮೋಟಾರ್‌ಸೈಕಲ್ಲುಗಳ ಹಿಂಭಾಗಕ್ಕೆ ಸ್ಪ್ರಿಂಗೇ ಇರಲಿಲ್ಲ. ಸೈಕಲ್ಲಿನ ಹಾಗೆ ಫ್ರೇಮಿನ ಕೊಳವೆಗಳೇ ಹಿಂದಕ್ಕೆ ಚಾಚಿ, ತ್ರಿಕೋನವಾಗಿ ಕೂಡಿ, ಚಕ್ರವನ್ನು ಹಿಡಿದುಕೊಳ್ಳುತ್ತಿದ್ದವು. ಕುಳಿತವನ ಬೆನ್ನು ಕಾಯಲು ಇದ್ದದ್ದು ಸೀಟಿನ ಕೆಳಗಿನ ಎರಡು ಸುರುಳಿ ಸ್ಪ್ರಿಂಗು ಮತ್ತು ಟೈರಿನ ಗಾಳಿ, ಅಷ್ಟೇ. ಯುದ್ಧ ಮುಗಿದು ಊರಿಗೆ ಬಂದ ಅಮೆರಿಕದ ಹುಡುಗರು ಭಾರವಾದ ಹಾರ್ಲೆ, ಇಂಡಿಯನ್ ಬೈಕುಗಳನ್ನು ಹಗುರ ಮಾಡಲು ಮುಂದಿನ ಮಡ್‌ಗಾರ್ಡ್ ಕಿತ್ತರು, ಹಿಂದಿನದನ್ನು ಕುದುರೆಯ ಬಾಲ ಕತ್ತರಿಸಿದ ಹಾಗೆ ಮೊಟಕು ಮಾಡಿದರು. ಅದೇ ಬಾಬರ್. ಅವರಿಗೆ ಬೇಕಾಗಿದ್ದದ್ದು ವೇಗ. ಹಿಂದೆ ಸ್ಪ್ರಿಂಗ್ ಇಲ್ಲದಿದ್ದದ್ದು ಅವರ ಆಯ್ಕೆಯಲ್ಲ, ಆಗಿನ ಬಹುಪಾಲು ಬೈಕುಗಳೇ ಹಾಗಿದ್ದವು. ಹಾರ್ಲೆ ತನ್ನ ದೊಡ್ಡ ಬೈಕಿಗೆ ಹಿಂದೆ ಶಾಕ್ ಕೊಟ್ಟದ್ದು 1958ರಲ್ಲಿ, ಡ್ಯುಯೊ-ಗ್ಲೈಡ್ ಎಂಬ ಹೆಸರಿನಲ್ಲಿ. ಅಷ್ಟರಲ್ಲಿ ಸ್ಪ್ರಿಂಗಿಲ್ಲದ ಗೆರೆಗೆ ಒಗ್ಗಿದ ಕಣ್ಣುಗಳು ಹೊಸದನ್ನು ಒಪ್ಪಲಿಲ್ಲ. ಕಷ್ಟ ಹೋದ ಮೇಲೆ ಕಷ್ಟದ ಆಕಾರ ಮಾತ್ರ ಚಂದ ಕಂಡಿತು. ಮನೆ ತುಂಬ ಗ್ಯಾಸು, ಮಿಕ್ಸಿ ಇರುವವರು ಒರಳುಕಲ್ಲನ್ನು ಹಾಲಿನಲ್ಲಿಟ್ಟು ಗಿಡ ನೆಡುತ್ತಾರಲ್ಲ, ಹಾಗೆ. 1969ರ ‘ಈಜಿ ರೈಡರ್’ ಸಿನಿಮಾದಲ್ಲಿ ಪೀಟರ್ ಫಾಂಡಾ ಓಡಿಸಿದ ಬೈಕಿನ ಹಿಂದೆಯೂ ಶಾಕ್ ಇಲ್ಲ. ಕ್ಲಿಫ್ ವಾಸ್ ಮತ್ತು ಬೆನ್ ಹಾರ್ಡಿ ಎಂಬ ಕರಿಯ ಕುಶಲಿಗಳು ಸೇರಿ ಮಾಡಿದ ಬೈಕು ಅದು. ಸಿನಿಮಾ ಜಗತ್ತೆಲ್ಲ ಸುತ್ತಿತು, ಅವರ ಹೆಸರು ಹೊರಗೆ ಬರಲು ದಶಕಗಳೇ ಹಿಡಿದವು.

ಕಂಪನಿಗಳೂ ಈ ಆಸೆಯನ್ನು ಗಮನಿಸಿದವು. ಬಿಲ್ ಡೇವಿಸ್ ಎಂಬ ಎಂಜಿನಿಯರು ಶಾಕನ್ನು ಹೊಟ್ಟೆಯಡಿಯಲ್ಲಿ ಬಚ್ಚಿಟ್ಟು, ನೋಡಲು ಶಾಕಿಲ್ಲದ ಹಾಗೆ ಕಾಣುವ ಫ್ರೇಮೊಂದನ್ನು ರೂಪಿಸಿದ. ಅದನ್ನು ಹಾರ್ಲೆ ಕೊಂಡುಕೊಂಡು 1984ಕ್ಕೆ ಸಾಫ್ಟೇಲ್ ಎಂದು ಮಾರಾಟಕ್ಕೆ ತಂದಿತು. ನಮ್ಮಲ್ಲಿ 2019ರಲ್ಲಿ ಬಂದ ಜಾವಾ ಪೆರಾಕ್ ಕೂಡ ಅದೇ ದಾರಿ ಹಿಡಿಯಿತು: ಒಂಟಿ ಸೀಟು, ಅದರ ಕೆಳಗೆ ಅಡಗಿದ ಒಂಟಿ ಶಾಕು. ಇದರಲ್ಲೊಂದು ತಮಾಷೆ ಇದೆ. 1946ರ ಮೂಲ ಪೆರಾಕ್ ಚೆಕೊಸ್ಲೊವಾಕಿಯಾದ್ದು. ಯುದ್ಧಕಾಲದಲ್ಲಿ ಪ್ರಾಗ್ ನಗರದಲ್ಲಿ, ಕಾಲಿಗೆ ಸ್ಪ್ರಿಂಗ್ ಕಟ್ಟಿಕೊಂಡು ಗೋಡೆ ಹಾರುವ ಒಬ್ಬ ಮನುಷ್ಯನ ಕತೆ ಹಬ್ಬಿತ್ತು, ಅವನ ಹೆಸರು ಪೆರಾಕ್. ಹಿಂದಿನ ಚಕ್ರಕ್ಕೂ ಸ್ಪ್ರಿಂಗ್ ಇದ್ದ ಬೈಕಿಗೆ ಆ ಹೆಸರು ಅಂಟಿಕೊಂಡಿತು. ಅಂದರೆ ಸ್ಪ್ರಿಂಗ್ ಇದೆ ನೋಡಿ ಎಂದು ಹೆಮ್ಮೆಯಿಂದ ಬಂದ ಹೆಸರು, ಎಪ್ಪತ್ತು ಚಿಲ್ಲರೆ ವರ್ಷದ ಮೇಲೆ ಸ್ಪ್ರಿಂಗನ್ನು ಮುಚ್ಚಿಡುವ ಬೈಕಿಗೆ ಬಂತು.

ಅಂಬತ್ತೂರಿನ ಹುಡುಗನಿಗೆ ಜಾವಾ ಕತೆ ಹೊಸದಲ್ಲ. ಅವನ ಅಪ್ಪ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ, 1996ರಲ್ಲಿ ಬಾಗಿಲು ಮುಚ್ಚುವವರೆಗೂ ಫಿಟ್ಟರ್ ಆಗಿದ್ದವರು. ಆಮೇಲೆ ಮನೆಯ ಮುಂದೆಯೇ ಒಂದು ಶೆಡ್ಡು ಹಾಕಿಕೊಂಡು ಊರಿನ ಯೆಜ್ದಿಗಳನ್ನೆಲ್ಲ ಬದುಕಿಸಿಟ್ಟರು. ಮಗ ಫೋನಿನಲ್ಲಿ “ಬೈಕನ್ನ ಬಾಬರ್ ಮಾಡಿಸ್ತಿದ್ದೀನಿ ಅಪ್ಪ” ಅಂದಾಗ ಅವರು ಕೇಳಿದ್ದು “ಯಾವ ಬಾಬರ್ರೋ? ಮೊಗಲರ ಬಾಬರ್ರಾ?” ಎಂದು. ಮಗ ನಕ್ಕು ಫೋಟೊ ಕಳಿಸಿದ. ಅಪ್ಪನಿಂದ ಉತ್ತರ ಬರಲಿಲ್ಲ. ಎರಡು ದಿನ ಬಿಟ್ಟು ಒಂದೇ ಸಾಲು: “ಶಾಕ್ ಎಲ್ಲಿ?”

ಮೊದಲ ತಿಂಗಳು ಎಲ್ಲ ಹೊಸತು. ಭಾನುವಾರ ಬೆಳಗ್ಗೆ ಈಸಿಆರ್ ರಸ್ತೆಯಲ್ಲಿ ಮಹಾಬಲಿಪುರದ ಕಡೆಗೆ ಹೋಗುವ ಗುಂಪಿನಲ್ಲಿ ಅವನ ಬೈಕಿನ ಫೋಟೊ ತೆಗೆಯದವರಿಲ್ಲ. ನಯವಾದ ರಸ್ತೆಯ ಮೇಲೆ ರಾಡ್ ಹಾಕಿದ ಬೈಕು ನಿಜಕ್ಕೂ ಕೆಟ್ಟದಾಗಿ ಓಡುವುದಿಲ್ಲ. ಚಕ್ರಕ್ಕೂ ಎಂಜಿನಿನ ಹಲ್ಲುಚಕ್ರಕ್ಕೂ ನಡುವಿನ ದೂರ ಬದಲಾಗದೆ ಇರುವುದರಿಂದ ಚೈನಿನ ಸಡಿಲ ಒಂದೇ ಸಮ ಇರುತ್ತದೆ, ಗಾಡಿ ಕೈಯಲ್ಲಿ ಗಟ್ಟಿಯಾಗಿ ಕೂತ ಹಾಗೆ ಅನಿಸುತ್ತದೆ. ಕಷ್ಟ ಶುರುವಾಗುವುದು ಅಂಬತ್ತೂರಿನ ಕೈಗಾರಿಕಾ ಎಸ್ಟೇಟಿನ ಒಳರಸ್ತೆಗಳಲ್ಲಿ. ಅಲ್ಲಿ ಮೆಟ್ರೊ ನೀರಿನವರು ಅಗೆದು ಮುಚ್ಚಿದ ಗಾಯಗಳಿವೆ, ಟ್ರೈಲರುಗಳು ತುಳಿದು ಮಾಡಿದ ಅಲೆಗಳಿವೆ. ಕಾಗದದ ಮೇಲೆ ನಮ್ಮ ದೇಶದ ಸ್ಪೀಡ್ ಬ್ರೇಕರಿಗೆ ಒಂದು ಅಳತೆ ಇದೆ: ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ನಿಧಾನವಾಗಿ ಏರಿ ಇಳಿಯುವ ಕಮಾನು. ಗಲ್ಲಿಯವರು ರಾತ್ರೋರಾತ್ರಿ ಸಿಮೆಂಟು ಸುರಿದು ಮಾಡುವ ದಿಣ್ಣೆಗೆ ಆ ಅಳತೆಯಲ್ಲಿ ಎತ್ತರವೊಂದು ಮಾತ್ರ ತಲುಪಿರುತ್ತದೆ. ಅವನ ಸೈಲೆನ್ಸರು ಅಂಥ ಪ್ರತಿ ದಿಣ್ಣೆಗೂ ಒಂದು ಸಲಾಮು ಹೊಡೆಯತೊಡಗಿತು.

ಹೆಡ್‌ಲೈಟಿನದ್ದು ಇನ್ನೊಂದು ಸಂಗತಿ, ಇದನ್ನು ಯಾರೂ ಮೊದಲೇ ಯೋಚಿಸುವುದಿಲ್ಲ. ಎರಡು ಚಕ್ರಗಳ ನಡುವಿನ ಅಂತರ ಸುಮಾರು 1.4 ಮೀಟರ್ ಇರುವ ಬೈಕಿನ ಹಿಂಭಾಗವನ್ನು ಎರಡು ಇಂಚು ಇಳಿಸಿದರೆ ಇಡೀ ಗಾಡಿ ಎರಡು ಡಿಗ್ರಿಯಷ್ಟು ಹಿಂದಕ್ಕೆ ಒರಗುತ್ತದೆ. ಸವಾರ ಕೂತಾಗ ಶಾಕ್ ಹೇಗಿದ್ದರೂ ಇಂಚಿನಷ್ಟು ಕುಗ್ಗುತ್ತಿತ್ತು, ರಾಡ್ ಕುಗ್ಗುವುದಿಲ್ಲ. ಆ ಲೆಕ್ಕ ಕಳೆದರೂ ಒಂದು ಡಿಗ್ರಿ ಉಳಿಯುತ್ತದೆ. ಒಂದು ಡಿಗ್ರಿ ಅಂದರೆ 25 ಮೀಟರ್ ದೂರದಲ್ಲಿ ಬೆಳಕು ಹೆಚ್ಚುಕಡಿಮೆ 45 ಸೆಂಟಿಮೀಟರ್ ಮೇಲಕ್ಕೆ ಹೋಗಿ ಬೀಳುತ್ತದೆ. ರಸ್ತೆಗೆ ಬೀಳಬೇಕಾದ ಬೆಳಕು ಎದುರು ಬರುವವನ ಕಣ್ಣಿಗೆ. ಎದುರಿನವರು ಬೈಯುತ್ತಾ ಹೋಗುತ್ತಿದ್ದರು. ತಮಿಳಿನ ಬೈಗುಳ ಅವನಿಗೆ ಅಷ್ಟಾಗಿ ಅರ್ಥವಾಗುತ್ತಿರಲಿಲ್ಲ, ಹಾಗಾಗಿ ನಡೆಯಿತು. ಹ್ಯಾಂಡಲ್ಲೂ ಅಷ್ಟೇ: ಮುಂದಿನ ಫೋರ್ಕು ಹೆಚ್ಚು ಒರಗಿದ್ದರಿಂದ ನೇರ ಹೋಗುವಾಗ ಸ್ಥಿರ, ಸಂದಿಯಲ್ಲಿ ತಿರುಗಿಸುವಾಗ ಭಾರ.

ಇಷ್ಟೆಲ್ಲ ಸಹಿಸಿಕೊಂಡು ಅವನು ಯಾಕೆ ಹಾಗೇ ಓಡಿಸುತ್ತಿದ್ದ ಎಂಬುದಕ್ಕೆ ‘ಲುಕ್ಕು’ ಎಂಬ ಉತ್ತರ ಸಾಲದು. ಅವನ ಎತ್ತರ ಐದು ಅಡಿ ಮೂರು ಇಂಚು. ಆ ಬೈಕಿನ ಸೀಟು ನೆಲದಿಂದ 800 ಮಿಲಿಮೀಟರ್ ಎತ್ತರ, ಅಂದರೆ ಎರಡೂವರೆ ಅಡಿಗಿಂತ ಹೆಚ್ಚು. ಗಾಡಿಯ ತೂಕ 190 ಕೆ.ಜಿ.ಯ ಆಸುಪಾಸು. ಸಿಗ್ನಲ್ಲಿನಲ್ಲಿ ನಿಂತಾಗ ಎರಡೂ ಕಾಲಿನ ತುದಿಬೆರಳು ಮಾತ್ರ ನೆಲಕ್ಕೆ ತಾಗುತ್ತಿದ್ದವು. ಒಮ್ಮೆ ಪಾಡಿ ಸೇತುವೆಯ ಹತ್ತಿರ ರಸ್ತೆ ಒಂದು ಕಡೆಗೆ ಇಳಿಜಾರಿದ್ದದ್ದು ಗಮನಿಸದೆ ನಿಲ್ಲಿಸಿದಾಗ, ಕಾಲಿಟ್ಟ ಕಡೆ ನೆಲ ಸಿಗಲಿಲ್ಲ. ಬೈಕು ನಿಧಾನವಾಗಿ, ಎಲ್ಲರೂ ನೋಡುತ್ತಿರುವಂತೆಯೇ ಮಲಗಿತು. ಇಬ್ಬರು ಬಂದು ಎತ್ತಿಕೊಟ್ಟರು. ಅವರಲ್ಲೊಬ್ಬ ಒಳ್ಳೆಯ ಮನಸ್ಸಿನಿಂದಲೇ “ನಿಮಗೆ ಸ್ಕೂಟಿ ಸರಿ ಸಾರ್” ಅಂದ. ಇದನ್ನು ಅವನು ಯಾರಿಗೂ ಹೇಳಲಿಲ್ಲ. ರಾಡ್ ಹಾಕಿಸಿದ ಮೇಲೆ ಮೊದಲ ಸಲ ಎರಡೂ ಪಾದಗಳು ಪೂರ್ತಿ ನೆಲಕ್ಕೆ ಊರಿದವು. ಸಿಗ್ನಲ್ಲು ಕೆಂಪಾಗಲಿ ಎಂದು ಕಾಯುವಂತಾಯಿತು. ಹಾಗೆ ಊರಿದ ಕಾಲನ್ನು ಮತ್ತೆ ಎತ್ತಿಕೊಳ್ಳುವುದು ಸುಲಭವಲ್ಲ.

ಆದರೆ ಆ ಬೈಕಿನ ಮೇಲೆ ಇನ್ನೊಬ್ಬರ ಜಾಗವೂ ಇತ್ತು. ಹೆಂಡತಿಗೆ ಗಿಂಡಿಯ ಕಡೆ ಕೆಲಸ. ಸಂಜೆ ಎಂಟೂವರೆಯ ಹೊತ್ತಿಗೆ ಅಂಬತ್ತೂರು ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದಳು, ಅವನು ಹೋಗಿ ಕರೆತರುತ್ತಿದ್ದ. ನಾಲ್ಕು ಕಿಲೋಮೀಟರ್, ಹದಿನೈದು ನಿಮಿಷ. ಇಬ್ಬರೂ ದಿನದಲ್ಲಿ ಬೇರೆ ಯಾವ ಹೊತ್ತಿನಲ್ಲೂ ಅಷ್ಟು ಮಾತಾಡುತ್ತಿರಲಿಲ್ಲ. ಬೈಕಿನ ಮೇಲೆ ಮುಖ ಕಾಣದಿರುವುದರಿಂದ ಮಾತು ಸಲೀಸು. ಪಿಲಿಯನ್ ಸೀಟು ತೆಗೆದ ಮೇಲೆ ಅವಳು ಶೇರ್ ಆಟೊ ಹಿಡಿದಳು. “ಪರವಾಗಿಲ್ಲ ಬಿಡಿ, ಇಪ್ಪತ್ತು ರೂಪಾಯಿ ತಾನೆ” ಅಂದಳು. ಜೂನಿನಲ್ಲಿ ಒಂದು ರಾತ್ರಿ ಮಳೆ ಬಂದು ಆಟೊಗಳೇ ಇಲ್ಲವಾದಾಗ ಅವನು ಸೀಟನ್ನು ಮತ್ತೆ ಸಿಕ್ಕಿಸಿಕೊಂಡು ಹೋದ. ನೀರು ತುಂಬಿದ ಗುಂಡಿ ಯಾವುದು, ರಸ್ತೆ ಯಾವುದು ತಿಳಿಯದ ಕತ್ತಲು. ಸವಾರನಿಗಾದರೋ ಸೀಟಿನ ಕೆಳಗೆ ಸ್ಪ್ರಿಂಗ್ ಇದೆ. ಹಿಂದೆ ಕೂತವರು ಹೆಚ್ಚುಕಡಿಮೆ ಹಿಂಚಕ್ರದ ಆಕ್ಸಲ್ಲಿನ ಮೇಲೆಯೇ ಕೂತಿರುತ್ತಾರೆ. ನೆಲ ಕೊಟ್ಟ ಪೆಟ್ಟು ಟೈರು, ರಿಮ್ಮು, ರಾಡು, ಫ್ರೇಮು ಎಂದು ನೆಟ್ಟಗೆ ಬೆನ್ನಿಗೆ. ಮನೆಗೆ ಬಂದು ಅವಳು ಏನೂ ಅನ್ನಲಿಲ್ಲ. ಮರುದಿನ ಬೆಳಗ್ಗೆ ಹಾಸಿಗೆಯಿಂದ ಏಳಲು ಗೋಡೆ ಹಿಡಿದಳು, ಅಡುಗೆಮನೆಯಲ್ಲಿ ನಿಂತೇ ಕಾಫಿ ಕುಡಿದಳು, ಆ ವಾರ ಕೆಲಸಕ್ಕೆ ಹೋಗಲಿಲ್ಲ. ಆಮೇಲೆ ಮಳೆ ಬಂದರೂ ಫೋನ್ ಮಾಡುತ್ತಿರಲಿಲ್ಲ. ಸ್ಟೇಷನ್ನಿನಲ್ಲೇ ಮಳೆ ನಿಲ್ಲುವವರೆಗೆ ಕೂತಿದ್ದು ಬರುತ್ತಿದ್ದಳು.

ಬೆನ್ನಿನ ಈ ಲೆಕ್ಕ ಕುತೂಹಲದ್ದು. ಕುಳಿತ ಮನುಷ್ಯನನ್ನು ಮೇಲೆ-ಕೆಳಗೆ ಅಲುಗಾಡಿಸಿದಾಗ ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಅಲುಗಾಟ ಬೆನ್ನುಮೂಳೆಗೂ ಹೊಟ್ಟೆಗೂ ಎಲ್ಲಕ್ಕಿಂತ ಕಷ್ಟದ್ದು, ಟ್ರ್ಯಾಕ್ಟರು, ಲಾರಿ ಓಡಿಸುವವರ ವಿಷಯದಲ್ಲಿ ಇದನ್ನು ಬಹಳ ಕಾಲದಿಂದ ಅಳೆದು ನೋಡಿದ್ದಾರೆ. ಶಾಕ್ ಇರುವ ಬೈಕು ಸೆಕೆಂಡಿಗೆ ಎರಡು, ಎರಡೂವರೆ ಸಲದ ಆಸುಪಾಸು ತೂಗುವ ಹಾಗೆ ಸ್ಪ್ರಿಂಗು ಇಟ್ಟಿರುತ್ತಾರೆ. ತೊಟ್ಟಿಲಿಗಿಂತ ಬಿರುಸು, ಆದರೆ ಆ ಕೆಟ್ಟ ಪಟ್ಟಿಯಿಂದ ಹೊರಗೆ. ಶಾಕ್ ತೆಗೆದರೆ ಉಳಿಯುವ ಸ್ಪ್ರಿಂಗು ಟೈರೊಂದೇ. ಅದರ ಬಿಗಿತ ಹಲವು ಪಟ್ಟು ಹೆಚ್ಚು, ಹಾಗಾಗಿ ಲೆಕ್ಕ ಹಾಕಿದರೆ ಐದರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಬೇಕೆಂದೇ ಹುಡುಕಿ ಕೆಟ್ಟ ಜಾಗಕ್ಕೆ ಹೋದ ಹಾಗೆ. ಅಲ್ಲದೆ ಶಾಕ್ ಎಂದರೆ ಬರೀ ಸ್ಪ್ರಿಂಗಲ್ಲ, ಒಳಗಿನ ಎಣ್ಣೆ ತೂಗಾಟವನ್ನು ನುಂಗಿ ನಿಲ್ಲಿಸುತ್ತದೆ. ಟೈರು ನುಂಗುವುದಿಲ್ಲ, ಚೆಂಡಿನಂತೆ ವಾಪಸು ಎಸೆಯುತ್ತದೆ. ಆಗ ಚಕ್ರ ನೆಲ ಬಿಡುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕು ಹಿಡಿಯುವುದಿಲ್ಲ.

ಅಪ್ಪ ಚೆನ್ನೈಗೆ ಬಂದದ್ದು ಆಗಸ್ಟಿನಲ್ಲಿ, ಕಣ್ಣಿನ ಪೊರೆಯ ಆಪರೇಷನ್ನಿಗೆ. ಒಂದು ಕಣ್ಣಿಗೆ ಪ್ಲಾಸ್ಟಿಕ್ಕಿನ ಮುಚ್ಚಳ ಅಂಟಿಸಿಕೊಂಡೇ ಮೂರನೇ ದಿನ ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದನ್ನು ಸೊಸೆ ನೆನಪಿಸಿದಳು. “ಬಗ್ಗಿಲ್ಲ ಕಣಮ್ಮ, ಕೂತಿದ್ದೀನಿ” ಅಂದರು. ಮಗನನ್ನು ಬೈಯಲಿಲ್ಲ. ಟೇಪು ತರಿಸಿದರು, ಎರಡೂ ರಾಡಿನ ಕಣ್ಣಿನಿಂದ ಕಣ್ಣಿಗೆ ಅಳೆಯಲು ಹೇಳಿದರು. ಎಡಗಡೆಯದು ಬಲಗಡೆಯದಕ್ಕಿಂತ ಮೂರು ಮಿಲಿಮೀಟರ್ ಉದ್ದ.

“ನಿಮ್ಮ ಫ್ಯಾಕ್ಟರೀಲಿ ಇದನ್ನ ಪಾಸ್ ಮಾಡ್ತೀಯಾ?” ಅಂದರು.

ಮಗ ಮಾತಾಡಲಿಲ್ಲ.

ಶಾಕ್‌ಗಳಾದರೆ ಮೂರು ಮಿಲಿಮೀಟರ್ ಹೆಚ್ಚುಕಡಿಮೆಯನ್ನು ಸ್ಪ್ರಿಂಗು ತಾನೇ ಸರಿದೂಗಿಸಿಕೊಳ್ಳುತ್ತದೆ. ರಾಡಿಗೆ ಆ ಉದಾರತೆ ಇಲ್ಲ. ಉದ್ದದ ರಾಡು ಹೆಚ್ಚು ಭಾರ ಹೊರುತ್ತದೆ, ಚಕ್ರ ಹಿಡಿದ ಸ್ವಿಂಗ್ ಆರ್ಮು ಸದಾ ಒಂದು ಕಡೆಗೆ ತಿರುಚಿಕೊಂಡೇ ಇರುತ್ತದೆ. ಅಪ್ಪ ಎಡಗಡೆಯ ಮೇಲಿನ ಬೋಲ್ಟಿನ ಹತ್ತಿರ ಬೆರಳಾಡಿಸಿದರು. ಅಲ್ಲಿ ಫ್ರೇಮಿಗೆ ಬೆಸೆದ ದಪ್ಪ ತಗಡಿನ ಅಂಚಿನಲ್ಲಿ, ಕಪ್ಪು ಬಣ್ಣದ ಮೇಲೆ ಕೂದಲಿನಷ್ಟು ತೆಳ್ಳಗೆ ಒಂದು ಕಂದು ಗೆರೆ. “ಬಣ್ಣ ಬಿಟ್ಟಿರಬೇಕು” ಅಂದ ಮಗ. ಅಪ್ಪ ಸೊಸೆಯ ಹತ್ತಿರ ಪೌಡರ್ ಡಬ್ಬಿ ಕೇಳಿದರು. ಮೊದಲು ಬಟ್ಟೆಯಲ್ಲಿ ಆ ಜಾಗ ಚೊಕ್ಕ ಮಾಡಿಸಿದರು, ಆಮೇಲೆ ತೆಳು ಎಣ್ಣೆ ಸವರಿಸಿದರು. ಕಾರ್ಖಾನೆಯಲ್ಲಾಗಿದ್ದರೆ ಸೀಮೆಎಣ್ಣೆ, ಈಗ ಅದೆಲ್ಲಿ ಸಿಗಬೇಕು. ಕಾಲು ಗಂಟೆ ಬಿಟ್ಟು ಎಣ್ಣೆಯನ್ನು ಪೂರ್ತಿ ಒರೆಸಿ ಮೇಲೆ ಪೌಡರು ಉದುರಿಸಿದರು. ಬೆಳ್ಳಗಿನ ಪೌಡರಿನ ಮೇಲೆ ನಿಧಾನವಾಗಿ, ಯಾರೋ ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ, ಒಂದೂವರೆ ಇಂಚಿನ ಒದ್ದೆ ಗೆರೆ ಮೂಡಿತು. ಬಿರುಕಿನೊಳಗೆ ಹೋಗಿದ್ದ ಎಣ್ಣೆ ಹೊರಗೆ ಬಂದಿತ್ತು. ಮಾಪನ ಯಂತ್ರಗಳ ನಡುವೆಯೇ ಬದುಕುವ ಮಗ ಈ ಪರೀಕ್ಷೆಯನ್ನು ಪುಸ್ತಕದಲ್ಲಿ ಓದಿದ್ದ, ಕಣ್ಣಾರೆ ಕಂಡಿರಲಿಲ್ಲ.

ಹೀಗೇಕೆ ಆಗುತ್ತದೆಂದು ಅಪ್ಪ ವಿವರಿಸಿದ್ದು ಎರಡೇ ಮಾತಿನಲ್ಲಿ. “ಬಸ್ಸಿನ ಮೆಟ್ಟಿಲಿಂದ ಮಂಡಿ ಬಗ್ಗಿಸದೆ ನೆಗೆದು ನೋಡು. ಅಮೇಲೆ ನಿನ್ನ ಸೊಂಟ ಕೇಳು.” ಅದಕ್ಕಿಂತ ಉದ್ದದ ವಿವರಣೆಯೂ ಇದೆ, ಅಷ್ಟೇನೂ ಬೇರೆಯಲ್ಲ. ಹಳೇ ಕಾಲದ ಸ್ಪ್ರಿಂಗಿಲ್ಲದ ಫ್ರೇಮು ತ್ರಿಕೋನದ್ದು. ಆಕ್ಸಲ್ಲಿಗೆ ಬಿದ್ದ ಪೆಟ್ಟು ಕೊಳವೆಗಳ ಉದ್ದಕ್ಕೂ ಹರಿದು ಹಂಚಿಹೋಗುತ್ತದೆ, ಕೊಳವೆ ಅಂಥ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ. ಶಾಕಿನ ಬೈಕಿನ ಫ್ರೇಮು ಬೇರೆ ಜಾತಿ. ಅದರಲ್ಲಿ ಹಿಂದಿನ ಕಮಾನು ಬರೀ ಸೀಟು, ಮಡ್‌ಗಾರ್ಡು ಹೊರುವಷ್ಟು, ಶಾಕಿನ ಒತ್ತಡ ತಡೆಯುವಷ್ಟು ಗಟ್ಟಿ. ಆ ಒತ್ತಡಕ್ಕೆ ಒಂದು ಮಿತಿ ಇರುತ್ತದೆ, ಯಾಕೆಂದರೆ ಸ್ಪ್ರಿಂಗು ಕುಗ್ಗುವ ಹೊತ್ತಿನಲ್ಲಿ ಪೆಟ್ಟು ಹರಡಿಕೊಳ್ಳುತ್ತದೆ. ಈ ಬೈಕಿನಲ್ಲಿ ಹಿಂದಿನ ಚಕ್ರಕ್ಕೆ 80 ಮಿಲಿಮೀಟರ್ ಓಡಾಟ ಕೊಟ್ಟಿದ್ದಾರೆ. ಎರಡು ಇಂಚು, ಅಂದರೆ 50 ಮಿಲಿಮೀಟರ್ ಇಳಿಸಿದರೂ ಟೈರು ಮಡ್‌ಗಾರ್ಡಿಗೆ ತಾಗದಿದ್ದದ್ದು ಅದರಿಂದಲೇ. ಆದರೆ ಆ 80 ಇದ್ದದ್ದು ಜಾಗಕ್ಕಲ್ಲ, ಸಮಯಕ್ಕೆ. ಅಷ್ಟು ದೂರ ಸಾಗುವಷ್ಟು ಹೊತ್ತು ಪೆಟ್ಟಿಗೆ ಸಿಗುತ್ತಿತ್ತು. ರಾಡ್ ಹಾಕಿದಾಗ ಎಲ್ಲವೂ ಒಂದೇ ಏಟಿಗೆ ಒಂದು ಬೋಲ್ಟಿನ ಬುಡಕ್ಕೆ, ಅದೂ ತಳ್ಳುವಂತಲ್ಲ, ಬಾಗಿಸುವಂತೆ. ಬೆಸುಗೆಯ ಅಂಚು ಮೊದಲು ಸೋಲುತ್ತದೆ. ಸರಿಯಾಗಿ ಮಾಡುವವರು ಇದಕ್ಕಾಗಿಯೇ ಹಿಂದಿನ ಫ್ರೇಮನ್ನು ಪೂರ್ತಿ ಕತ್ತರಿಸಿ, ಜಿಗ್ಗಿನಲ್ಲಿ ಕೂರಿಸಿ, ತ್ರಿಕೋನದ ಹೊಸ ಬಾಲ ಬೆಸೆಯುತ್ತಾರೆ. ಅದು ಹಾರ್ಡ್‌ಟೇಲ್. ರಾಡು ಅದರ ವೇಷ ಮಾತ್ರ.

ಕಾನೂನಿನ ಮಾತು ಈ ಇಬ್ಬರ ನಡುವೆ ಬರಲಿಲ್ಲ, ಆದರೆ ಓದುವವರಲ್ಲಿ ರಾಡಿನ ಆಸೆ ಇದ್ದವರಿಗೆ ತಿಳಿದಿರಲಿ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವ ಹಾಗಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದೆ ಮಾಡಿದ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು ಅಥವಾ ಎರಡೂ ಎಂದಾಯಿತು. ಎರಡು ರಾಡು ಈ ಮಾತಿನಡಿ ಬರುತ್ತದೋ ಇಲ್ಲವೋ ಎಂದು ವಾದಿಸಬಹುದು. ವಾದಿಸಬೇಕಾಗಿ ಬರುವುದು ಮಾತ್ರ ಅಪಘಾತವಾದ ಮೇಲೆ, ವಿಮೆಯ ಸರ್ವೇಯರ್ ಎದುರು.

ಗೆರೆ ಮೂಡಿದ ಸಂಜೆ ಅಪ್ಪ ಇನ್ನೊಂದು ಕೆಲಸ ಮಾಡಿದರು. ಮಗನನ್ನು ಬೈಕಿನ ಮೇಲೆ ಕೂರಿಸಿ, ಎರಡೂ ಕಾಲು ಇಳಿಬಿಡಲು ಹೇಳಿ, ತಾವು ಹಿಂದೆ ನಿಂತು ನೋಡಿದರು. ಅವರ ಎತ್ತರ ಮಗನಿಗಿಂತ ಒಂದಿಂಚು ಕಡಿಮೆಯೇ. ನಲವತ್ತು ವರ್ಷ ಯೆಜ್ದಿ ಓಡಿಸಿದವರು.

“ಕಾಲು ಎಟುಕ್ತಿರಲಿಲ್ವಾ?” ಅಂದರು.

“ಎಟುಕ್ತಿತ್ತು. ತುದಿ.”

“ಮೊದಲೇ ಹೇಳಬಾರದಾ ಮಗ. ಸೀಟು ಇಳಿಸೋದು ಬಿಟ್ಟು ಚಕ್ರ ಎತ್ತಿದ್ದೀಯಲ್ಲ.”

ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅವಳಿಗೆ ಪಾಡಿ ಸೇತುವೆಯ ವಿಷಯ ಗೊತ್ತಿತ್ತು. ಗುರುತಿನವರೊಬ್ಬರು ನೋಡಿ ಅವಳಿಗೆ ಹೇಳಿದ್ದರು, ಅವಳು ಇವನಿಗೆ ಹೇಳಿರಲಿಲ್ಲ.

ಅಪ್ಪನ ಲೆಕ್ಕ ಸರಳ. ಆ ಬೈಕಿನ ಸವಾರನ ಸೀಟಿನ ಕೆಳಗೆ ಎರಡು ಸುರುಳಿ ಸ್ಪ್ರಿಂಗುಗಳಿವೆಯಲ್ಲ, ಅವು ಹಿಂದೆ ಶಾಕಿಲ್ಲದ ಕಾಲದ ನೆನಪು. ಶಾಕ್ ಇರುವ ಬೈಕಿಗೆ ಅವು ಅಷ್ಟಾಗಿ ಬೇಕಿಲ್ಲ. ಅವನ್ನು ತೆಗೆದು ಚಪ್ಪಟೆ ಸೀಟು ಕೂರಿಸಿ, ತೊಡೆ ಬರುವಲ್ಲಿ ಫೋಮನ್ನು ಕಿರಿದಾಗಿ ಕೊರೆಸಿದರೆ ಒಂದೂವರೆ ಇಂಚು ಸಿಗುತ್ತದೆ. ಶಾಕಿನ ಐದು ಹಂತದ ಬಿಗಿತವನ್ನು ಒಂಟಿಯಾಗಿ ಓಡಿಸುವಾಗ ಕೆಳಗಿನ ಹಂತಕ್ಕೆ ಇಟ್ಟರೆ ಇನ್ನೂ ಸ್ವಲ್ಪ. ದಪ್ಪ ಅಟ್ಟೆಯ ಬೂಟು ಹಾಕಿದರೆ ಉಳಿದದ್ದು. ಅಂದ ಬರುವುದಿಲ್ಲ, ಆ ಗೆರೆ ಮತ್ತೆ ಸೀಟಿನ ಹತ್ತಿರ ಗೊಂದಲಗೊಳ್ಳುತ್ತದೆ. ಅದನ್ನು ಅಪ್ಪ ಒಪ್ಪಿಕೊಂಡರು. “ಫೋಟೊದಲ್ಲಿ ಚೆನ್ನಾಗಿತ್ತು ಕಣೋ” ಅಂದರು, ನಿಜವಾಗಿಯೇ ಬೇಸರದಿಂದ.

ಹಳೇ ಶಾಕ್ ಹುಡುಕಿಕೊಂಡು ಇಬ್ಬರೂ ಪುದುಪೇಟೆಗೆ ಹೋದರು, ಬಸ್ಸಿನಲ್ಲಿ. ಮುನ್ನೂರು ರೂಪಾಯಿಗೆ ಬಿಟ್ಟ ಜೋಡಿ ಎಂದೋ ಮಾರಿಹೋಗಿತ್ತು. ಮೆಕ್ಯಾನಿಕ್ಕು ಮೂಲೆಯ ರಾಶಿಯಿಂದ ಎರಡು ತೆಗೆದುಕೊಟ್ಟ. ಅಪ್ಪ ಒಂದೊಂದನ್ನೂ ನೆಲಕ್ಕೆ ಊರಿ, ಮೈಭಾರ ಹಾಕಿ ಒತ್ತಿ, ಬಿಟ್ಟು, ಅದು ಮೇಲೇಳುವುದನ್ನು ಕಿವಿಗೊಟ್ಟು ಕೇಳಿದರು. ಒಂದು ನಿಧಾನವಾಗಿ ಎದ್ದಿತು, ಇನ್ನೊಂದು ಪಟ್ಟನೆ. ಎಣ್ಣೆ ಹೋಗಿದೆ. ಕಡೆಗೆ ಜಿ.ಪಿ. ರೋಡಿನಲ್ಲಿ ಹೊಸ ಜೋಡಿಯನ್ನೇ ಕೊಂಡರು. ರಾಡಿಗೆ ಕೊಟ್ಟದ್ದಕ್ಕಿಂತ ಬಹಳ ಹೆಚ್ಚು. ಅದಕ್ಕೂ ಮುಂಚೆ ಬಿರುಕಿನ ಕೆಲಸವಾಗಬೇಕಿತ್ತು: ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು, ಅದು ಮುಂದೆ ಓಡದಂತೆ ತಡೆದು, ಉಜ್ಜಿ, ಬೆಸುಗೆ ಹಾಕಿ, ಮೇಲೊಂದು ಪಟ್ಟಿ. ಅಪ್ಪ ಪಕ್ಕದಲ್ಲಿ ನಿಂತು ಕನ್ನಡದಲ್ಲೇ ಹೇಳಿದರು, ಬೆಸುಗೆಯವನು ತಮಿಳಿನಲ್ಲೇ ಉತ್ತರಿಸಿದ, ಇಬ್ಬರಿಗೂ ಯಾವ ತೊಂದರೆಯೂ ಆಗಲಿಲ್ಲ. ಕಣ್ಣಿಗೆ ಬೆಸುಗೆಯ ಬೆಳಕು ಬೀಳದಿರಲೆಂದು ಮಗ ಮುಂದೆ ಅಡ್ಡ ನಿಂತಿದ್ದ.

ಮರೆತದ್ದು ಸೈಡ್ ಸ್ಟ್ಯಾಂಡು. ಬೈಕು ಮತ್ತೆ ಎತ್ತರಕ್ಕೆ ಬಂದಾಗ ಕೊಯ್ದಿದ್ದ ಸ್ಟ್ಯಾಂಡು ಗಿಡ್ಡವಾಯಿತು, ಗಾಡಿ ಮುಗ್ಗರಿಸಿದವನ ಹಾಗೆ ಅತಿಯಾಗಿ ಎಡಕ್ಕೆ ವಾಲಿ ನಿಲ್ಲತೊಡಗಿತು. ಹೊಸ ಸ್ಟ್ಯಾಂಡ್ ತರಿಸಿಕೊಡುತ್ತೇನೆ ಎಂದ ಮೆಕ್ಯಾನಿಕ್ಕು ದೀಪಾವಳಿ ಕಳೆಯಲಿ ಅಂದ, ಆಮೇಲೆ ಪೊಂಗಲ್ ಕಳೆಯಲಿ ಅಂದ. ಅಪ್ಪ ಊರಿಗೆ ಹೊರಡುವ ಮುನ್ನ ಹಳೇ ಕಿಟಕಿಯ ಚೌಕಟ್ಟಿನ ತುಂಡೊಂದನ್ನು ಒಂದೂವರೆ ಇಂಚು ದಪ್ಪಕ್ಕೆ ಕೊಯ್ದು, ಅಂಚು ಉಜ್ಜಿ, ತೂತಿಗೆ ದಾರ ಕಟ್ಟಿಕೊಟ್ಟರು. ಅದು ಈಗ ಹೆಂಡತಿಯ ಬ್ಯಾಗಿನಲ್ಲಿರುತ್ತದೆ. ರಾತ್ರಿ ಎಂಟೂವರೆಗೆ ಸ್ಟೇಷನ್ನಿನಿಂದ ಬಂದು ಮನೆಯ ಮುಂದೆ ನಿಂತಾಗ ಅವಳು ಮೊದಲು ಇಳಿಯುತ್ತಾಳೆ, ಹಲಗೆಯನ್ನು ನೆಲಕ್ಕೆ ಹಾಕಿ ಚಪ್ಪಲಿಯ ತುದಿಯಿಂದ ಸ್ಟ್ಯಾಂಡಿನ ಕೆಳಗೆ ತಳ್ಳುತ್ತಾಳೆ, “ಹ್ಞೂಂ, ಬಿಡಿ” ಅನ್ನುತ್ತಾಳೆ. ಅಲ್ಲಿಯವರೆಗೆ ಅವನು ಬೈಕನ್ನು ಎರಡೂ ಕಾಲಿನ ನಡುವೆ ಹಿಡಿದು ನಿಂತಿರುತ್ತಾನೆ.